ಬೀಗರ ಬಾಗಿಲ ಹಂಪ್ಸು

ಗುಂಡ್ಲುಪೇಟೆಯಲ್ಲಿ ಪುಟ್ಟಮಲ್ಲಪ್ಪನವರ ಬೀಗರಾದ ನೀಲಕಂಠಸ್ವಾಮಿಗಳ ಮನೆಯ ಮುಂದೆ ಒಂದು ಹಂಪ್ಸು ಇತ್ತು. ಸರ್ಕಾರ ಹಾಕಿಸಿದ್ದಲ್ಲ. ಬೀದಿಯಲ್ಲಿ ಬೈಕುಗಳು ಬಾಣದ ಹಾಗೆ ಹೋಗುತ್ತವೆಂದು ಬೀಗರೇ ಕಲ್ಲುಮಣ್ಣು ಸುರಿಸಿ ಎಬ್ಬಿಸಿದ್ದು. ಮಲಗಿದ ಎಮ್ಮೆಯ ಬೆನ್ನಿನಂತೆ ಅದು ಬೀದಿಗೆ ಅಡ್ಡಲಾಗಿ ಬಿದ್ದುಕೊಂಡಿತ್ತು.

ಕಳೆದ ಯುಗಾದಿಯಲ್ಲಿ ಪುಟ್ಟಮಲ್ಲಪ್ಪನವರ ಪುಟ್ಟ ಕಾರು ಅದರ ಮೇಲೆ ಹೊಟ್ಟೆ ಊರಿ ಕುಳಿತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹೆಂಡತಿ ಕರಿಬಸಮ್ಮನ ಮಡಿಲಲ್ಲಿ ಪಾಯಸದ ಪಾತ್ರೆ ಇದ್ದುದರಿಂದ ಆಕೆ ಇಳಿಯಲಿಲ್ಲ. ಬೀಗರೂ ಬೀದಿಯ ಮೂವರು ಗಂಡಸರೂ ಸೇರಿ, ಆಕೆ ಒಳಗಿರುವಂತೆಯೇ ಕಾರಿಗೆ ಕೈಹಾಕಿದರು. ಎತ್ತುವಾಗ ಯಾರೋ ಅಭ್ಯಾಸಬಲದಿಂದ “ಉಘೇ ಉಘೇ ಮಾದಪ್ಪಾ!” ಎಂದರು. ಉಳಿದವರೂ ದನಿಗೂಡಿಸಿದರು. ಕರಿಬಸಮ್ಮ ಉತ್ಸವಮೂರ್ತಿಯಂತೆ, ಒಂದು ತೊಟ್ಟು ಪಾಯಸವನ್ನೂ ಚೆಲ್ಲದೆ, ಹಂಪ್ಸು ದಾಟಿದರು. ಎದುರುಮನೆಯ ಚಿಕ್ಕಬಸಮ್ಮ ಜಗಲಿಯಿಂದಲೇ ಕೈಮುಗಿದಳು.

ಆಮೇಲೆ ನಂಟರಿಷ್ಟರ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಈ ಕತೆ ಉಪ್ಪಿನ ಜೊತೆಗೇ ಬರುತ್ತಿತ್ತು. ರೇಷ್ಮೆ ಇಲಾಖೆಯ ಗುಮಾಸ್ತರಾದ ಪುಟ್ಟಮಲ್ಲಪ್ಪನವರು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು.

ಈಗ ಮಗಳು ಶಿವರಂಜಿನಿಗೆ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆ ಚಾಮರಾಜನಗರಕ್ಕೆ ಕರೆತರಬೇಕು. ಹೆತ್ತಪ್ಪ ತನ್ನ ಕಾರಿನಲ್ಲಿ, ಯಾರ ಕೈಯಲ್ಲೂ ಎತ್ತಿಸಿಕೊಳ್ಳದೆ, ಮಗಳನ್ನು ಮನೆತುಂಬಿಸಿಕೊಳ್ಳಬೇಕು. ಮಾದಪ್ಪನಲ್ಲಿ ಅವರು ಬೇಡಿಕೊಂಡದ್ದು ಇಷ್ಟೇ.

ಬೇಡಿಕೊಂಡವರು ನೇರವಾಗಿ ಟೈರ್ ಅಂಗಡಿಯ ಮಾದೇಶನ ಬಳಿ ಹೋದರು. ಯಾರದೋ ದೊಡ್ಡ ಗಾಡಿ ಅಲ್ಲಿ ರಿಪೇರಿಗೆ ನಿಂತಿತ್ತು. ಅದರ ಚಕ್ರಗಳನ್ನು ಕಂಡು ಅವರ ಕಣ್ಣು ಅರಳಿತು.

“ಅಣ್ಣಾ, ಇಲಿಗೆ ಆನೆ ಕಾಲು ಜೋಡುಸ್ದಂಗಾಯ್ತದೆ, ಬ್ಯಾಡ,” ಎಂದ ಮಾದೇಶ.

“ಇವತ್ತೊಂದು ದಿನ ಆಕ್ಕೊಡಪ್ಪ. ಮಾನದ ಪ್ರಶ್ನೆ ಕಣ.”

“ಸಂಜೆ ಆ ಗಾಡಿಯೋರು ಬತ್ತಾರೆ. ಅಷ್ಟ್ರೊಳಗೆ ತಂದ್ಬುಡಬೇಕು. ಇನ್ನೊಂದು ಮಾತು, ಸ್ಟೇರಿಂಗ್ ಪೂರ್ತಿ ತಿರುಗುಸ್ಬೇಡಿ, ಟೈರು ಬಾಡಿಗೆ ಉಜ್ಜುತ್ತೆ. ಜನಾನೂ ತುಂಬ್ಬೇಡಿ, ಕಾರು ಚಕ್ರದ ಮ್ಯಾಲೆ ಕುಂತ್ಕಬುಡ್ತದೆ.”

“ತಿರುಗುಸ್ದೆ ಎಂಗ್ಲಾ ಓಗದು?”

“ನೆಟ್ಟಗೆ ಓಗಿ, ನೆಟ್ಟಗೆ ಬನ್ನಿ.”

ಅದು ಹಿರಿಯರ ಉಪದೇಶದಂತೆ ಕೇಳಿಸಿತು. ಪುಟ್ಟಮಲ್ಲಪ್ಪನವರು ದೈವಭಕ್ತರು. ಉಪದೇಶಕ್ಕೆ ಭಕ್ತಿಯಿಂದ ತಲೆದೂಗಿ, ಎದ್ದ ಜಾಗದಲ್ಲೇ ಮರೆಯುವುದು ಅವರಿಗೆ ರೂಢಿಯಾಗಿತ್ತು.

ಮನೆ ಮುಂದೆ ಬಂದು ನಿಂತ ಕಾರನ್ನು ಕರಿಬಸಮ್ಮ ಮೇಲಿನಿಂದ ಕೆಳಗೆ ನೋಡಿದರು. “ಇದೇನ್ರೀ, ಕಾರೋ ಅಟ್ಟವೋ? ನಾನೇ ಅತ್ತಕ್ಕಾಗಕಿಲ್ಲ, ಬಸುರಿ ಎಂಗೆ ಅತ್ತಾಳು?”

ಪುಟ್ಟಮಲ್ಲಪ್ಪನವರು ಒಳಗೆ ಹೋಗಿ ಊಟದ ಮಣೆ ತಂದು ಹಾಕಿದರು. ಕರಿಬಸಮ್ಮ ಮಣೆ ಮೆಟ್ಟಿ ಹತ್ತಿದರು. ಮಣೆಯೂ ಹತ್ತಿತು.

ತೆರಕಣಾಂಬಿಯವರೆಗೆ ಎಲ್ಲವೂ ಸುಖವಾಗಿತ್ತು. ದಾರಿಯ ಹಂಪ್ಸುಗಳನ್ನು ದಾಟುವಾಗ ಪುಟ್ಟಮಲ್ಲಪ್ಪನವರು ಕಿಟಕಿಯಿಂದ ಬಗ್ಗಿ ನೋಡಿ ನಗುತ್ತಿದ್ದರು, ನಿವೃತ್ತನಾದ ಮೇಲಧಿಕಾರಿ ಸಂತೆಯಲ್ಲಿ ಚೀಲ ಹಿಡಿದು ಎದುರಾದಾಗ ನಗುವ ಹಾಗೆ.

ಗುಂಡ್ಲುಪೇಟೆಯಲ್ಲಿ ಬೀಗರ ಬೀದಿಗೆ ತಿರುಗಬೇಕಿತ್ತು. ತಿರುಗಿಸಿದರು. ಗಾಣಕ್ಕೆ ಕಲ್ಲು ಸಿಕ್ಕಿದಂತೆ ‘ಕರಕರ’ ಎಂದಿತು. ಗಾಬರಿಯಾಗಿ ಸ್ಟೇರಿಂಗನ್ನು ನೆಟ್ಟಗೆ ಮಾಡಿದರು. ಕಾರು ನೆಟ್ಟಗೆ ಊಟಿ ರಸ್ತೆ ಹಿಡಿಯಿತು. ಬೀದಿ ಹಿಂದಾಯಿತು, ಊರೂ ಹಿಂದಾಯಿತು.

“ಬೀಗರ ಮನೆ ಅತ್ಲಾಗೆ ಅಲ್ವಾ?” ಎಂದರು ಕರಿಬಸಮ್ಮ.

“ತಿರುಗುಸ್ಕಳಕ್ಕೆ ಜಾಗ ನೋಡ್ತಾವ್ನಿ.”

“ಬಂಡೀಪುರ ಬಂದ್ಬುಡ್ತದೆ. ಆನೆಗಳ ತಾವ ಕೇಳನ ನಡೀರಿ, ಮಗಳ್ನ ಬಾಣಂತನಕ್ಕೆ ಕಳುಸ್ಕೊಡಿ ಅಂತ.”

ಕೊನೆಗೆ ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ರಥ ತಿರುಗಿಸುವಂತೆ ಹಿಂದೆ ಮುಂದೆ ಮಾಡಿ ಕಾರನ್ನು ತಿರುಗಿಸಿದರು. ಬೀಗರ ಬೀದಿಗೆ ಹೊರಳುವಾಗ ಇಡೀ ರಸ್ತೆಯನ್ನೇ ಬಳಸಬೇಕಾಯಿತು. ಒಂದು ಬಸ್ಸು, ಎರಡು ಆಟೋ ನಿಂತವು. ಕರಿಬಸಮ್ಮ ಕಿಟಕಿಯಿಂದ ಎಲ್ಲರಿಗೂ ಕೈಮುಗಿದರು.

ಬೀದಿ ಸಿಕ್ಕಿತು. ದೂರದಲ್ಲಿ ಬೀಗರ ಮನೆ ಕಂಡಿತು. ಹಲ್ಲು ಕಚ್ಚಿ “ಉಘೇ ಮಾದಪ್ಪಾ” ಎಂದು ಪುಟ್ಟಮಲ್ಲಪ್ಪನವರೇ ಅಂದುಕೊಂಡು, ಹಂಪ್ಸು ಏರುವ ವೇಗದಲ್ಲಿ ಆಕ್ಸಿಲೇಟರ್ ಅದುಮಿದರು.

ಹಂಪ್ಸು ಇರಲಿಲ್ಲ.

ಏರಲು ಏನೂ ಇಲ್ಲದ ಕಾರು ನುಗ್ಗಿಕೊಂಡು ಹೋಗಿ, ಬಾಗಿಲ ಮುಂದೆ ಹಾಕಿದ್ದ ಹಸಿರು ಚಪ್ಪರದೊಳಕ್ಕೆ ಹೊಕ್ಕಿತು. ಮಾವಿನ ತೋರಣ ಛಾವಣಿಗೆ ಸಿಕ್ಕಿ ಹರಿಯಿತು. ಒಂದು ಬಾಳೆಕಂಬ ಬಾಗಿ ಬಾನೆಟ್ ಮೇಲೆ ಅಡ್ಡಬಿತ್ತು. ಉಳಿದ ತೋರಣ ಮುಂದಿನ ಚಕ್ರಕ್ಕೆ ಸುತ್ತಿಕೊಂಡಿತು.

ಚಿಕ್ಕಬಸಮ್ಮ ಜಗಲಿಯಿಂದ ಇಳಿದು ಬಂದಳು. “ಕಾರು ಬೆಳ್ದ್ಬುಟ್ಟದಲ್ಲವ್ವಾ! ಏನ್ ಮೇವಾಕ್ತೀರಿ?”

ನೀಲಕಂಠಸ್ವಾಮಿಗಳು ಕೈಮುಗಿದುಕೊಂಡೇ ನಿಂತಿದ್ದರು. “ನಿಮ್ಗೆ ಇನ್ನೊಂದ್ಸಲ ಅಂತಾ ಅವಮಾನ ಆಗ್ಬಾರ್ದು ಅಂತ ನಿನ್ನೆ ನಾನೇ ಗುದ್ಲಿ ಇಡ್ಕಂಡು ಹಂಪ್ಸು ಕಿತ್ತಾಕ್ಬುಟ್ಟೆ ಬೀಗರೇ. ಚಪ್ಪರಾನೂ ಅಳತೆ ನೋಡಿಯೇ ಆಕ್ಸಿದ್ದೆ. ನಿಮ್ ಕಾರಿನ ಎತ್ತರ ನಂಗೊತ್ತಿಲ್ವಾ? ಎತ್ತಿದ ಕೈ ಇದು.”

ಪುಟ್ಟಮಲ್ಲಪ್ಪನವರು ಬಾಳೆಕಂಬವನ್ನು ಎತ್ತಿ ನೆಟ್ಟಗೆ ನಿಲ್ಲಿಸಲು ನೋಡಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಒಳಗೆ ಹೋಳಿಗೆ ಊಟ ಬಡಿಸಿದರು. “ನೀವು ಉಣ್ತಾ ಇರಿ, ಬಂದೆ,” ಎಂದು ಪುಟ್ಟಮಲ್ಲಪ್ಪನವರು ಕಾರಿನ ಅಡಿಗೆ ತೂರಿ, ಚಕ್ರದಿಂದ ಮಾವಿನೆಲೆಯನ್ನು ಒಂದೊಂದಾಗಿ ಬಿಡಿಸತೊಡಗಿದರು. ಹೊರಗೆ ಬರುವಷ್ಟರಲ್ಲಿ ಎಲ್ಲರೂ ಕೈತೊಳೆದಿದ್ದರು. ರಾಹುಕಾಲಕ್ಕೆ ಮುಂಚೆ ಮಗಳು ಹೊಸಲು ದಾಟಬೇಕೆಂದು ಅವಸರವಾಯಿತು.

ಮಣೆ ಹಾಕಿದರು. ಶಿವರಂಜಿನಿ ಅಮ್ಮನ ಭುಜ ಹಿಡಿದು ಹತ್ತಿದಳು. ಕರಿಬಸಮ್ಮ ಹತ್ತಿದರು. ಮಡಿಲಕ್ಕಿ, ತೆಂಗಿನಕಾಯಿ, ಬೆಲ್ಲ, ಬಾಳೆಗೊನೆ ಹತ್ತಿದವು. ಒಂದೊಂದು ಹತ್ತಿದಾಗಲೂ ಕಾರು ಒಂದೊಂದು ಬೆರಳು ಕುಸಿದು, ಕಡೆಗೆ ಮೊಟ್ಟೆಯ ಮೇಲೆ ಕಾವಿಗೆ ಕೂತ ಕೋಳಿಯಂತೆ ತನ್ನ ಚಕ್ರಗಳ ಮೇಲೇ ಕುಳಿತಿತು. ನಾಲ್ಕು ಮಾರು ಸಾಗುವುದರಲ್ಲಿ ಹೊಗೆ ಬಂತು, ಜೊತೆಗೆ ಸುಟ್ಟ ರಬ್ಬರಿನ ನಾತ.

“ಅಪ್ಪಾಜಿ, ವಟ್ಟೆ ತೊಳುಸ್ತದೆ,” ಎಂದಳು ಮಗಳು ಸೆರಗು ಮೂಗಿಗೆ ಹಿಡಿದು. “ಬಸ್ಸಲ್ಲೇ ಹೋಗನ ಬುಡಿ. ಬೇಜಾರ್ ಮಾಡ್ಕಬೇಡಿ. ನೀವು ಬಂದ್ರಲ್ಲಾ, ಅಷ್ಟು ಸಾಕು.”

ಬೀಗರೇ ಬಸ್‌ಸ್ಟ್ಯಾಂಡಿಗೆ ಬಂದು, ಕಿಟಕಿ ಪಕ್ಕದ ಸೀಟಿಗೆ ತಮ್ಮ ಹೆಗಲ ಟವಲು ಹಾಸಿ, ಸೊಸೆಯನ್ನು ಕೂರಿಸಿದರು. ಪಕ್ಕದಲ್ಲಿ ಕರಿಬಸಮ್ಮ ಕೂತರು. ಮಡಿಲಕ್ಕಿ, ಬಾಳೆಗೊನೆಗಳೂ ಬಸ್ಸಿಗೇ ಹೋದವು. ಬಸ್ಸಿನ ಹಿಂದೆ ಪುಟ್ಟಮಲ್ಲಪ್ಪನವರು ಒಬ್ಬರೇ ಕಾರು ಓಡಿಸಿಕೊಂಡು ಬಂದರು. ಪಕ್ಕದ ಸೀಟಿನಲ್ಲಿ ಮಣೆ ಕುಳಿತಿತ್ತು.

ಸಂಜೆ ಮಾದೇಶ ಹಳೆಯ ಚಕ್ರಗಳನ್ನು ಹಾಕಿಕೊಟ್ಟ. ಕಾರು ಮೊದಲಿನಂತೆ ನೆಲ ಹಿಡಿದು ನಿಂತಿತು. ದೊಡ್ಡ ಗಾಡಿ ತನ್ನ ಚಕ್ರಗಳನ್ನು ತೊಟ್ಟುಕೊಂಡು, ಹಾರನ್ ಬಾರಿಸಿ, ಮೈಸೂರಿನ ಕಡೆ ಮರೆಯಾಯಿತು. ಪುಟ್ಟಮಲ್ಲಪ್ಪನವರ ಮನಸ್ಸೂ ಬಹಳ ದಿನಗಳ ಮೇಲೆ ಹಗುರಾಯಿತು. ಹಂಪ್ಸೇ ಹೋದ ಮೇಲೆ ಇನ್ನು ಯಾವ ಅವಮಾನ! ಪುಟ್ಟ ಕಾರಿಗೆ ಪುಟ್ಟ ಚಕ್ರವೇ ಶೋಭೆ.

ಅಷ್ಟರಲ್ಲಿ ಫೋನು ಬಂತು. ಬೀಗರದು.

“ಬೀಗರೇ, ನೀವು ಹಸ್ಕಂಡು ಹೋದ್ರಿ. ಬೀಗರು ನಮ್ಮನೇಲಿ ಒಂದ್ ತುತ್ತು ಉಣ್ಣದಂಗೆ ಎದ್ದೋದ್ರು ಅಂತ ಬೀದಿಯೋರೆಲ್ಲಾ ಮಾತಾಡ್ತಾವ್ರೆ. ನಾಳೆ ಬಂದು ಊಟ ಮಾಡ್ಲೇಬೇಕು.”

“ಅದಕ್ಕೇನಂತೆ, ಬತ್ತೀನಿ ಬುಡಿ.”

“ಕಾರಲ್ಲೇ ಬರಬೇಕು. ನಮ್ಮನೆ ಹಂಪ್ಸಿಗೋಸ್ಕರ ನೀವು ಚಕ್ರಾನೇ ಬದ್ಲಾಯ್ಸ್ಕಂಡು ಬಂದ್ರಿ. ನಾನು ಪಾಪಿ, ಹಂಪ್ಸೇ ಇಲ್ದಂಗೆ ಮಾಡಿ ನಿಮ್ಮ ಆಸೆಗೆ ಮಣ್ಣಾಕ್ದೆ. ನನ್ ಮನ್ಸು ತಡೀಲಿಲ್ಲ. ಈಗ ತಾನೇ ಅದೇ ಜಾಗುಕ್ಕೆ ಸಿಮೆಂಟಲ್ಲಿ ಇನ್ನೊಂದು ಆಕ್ಸಿದ್ದೀನಿ. ಮೊದ್ಲಿಗಿಂತ ಒಂದು ಗೇಣು ಎತ್ತರ! ಬೆಳಿಗ್ಗೆಗೆ ಕಲ್ಲಾಗ್ಬುಡ್ತದೆ. ನೀವು ಜಮ್ಮಂತ ದಾಟ್ಕ ಬರದ ನೋಡಕ್ಕೆ ಎಲ್ಲಾ ಕಾಯ್ತಾವ್ರೆ.”

ಪುಟ್ಟಮಲ್ಲಪ್ಪನವರು ತಮ್ಮ ಕಾರನ್ನು ನೋಡಿದರು. ಮೈಸೂರಿನ ರಸ್ತೆಯನ್ನು ನೋಡಿದರು. ಮೆಲ್ಲಗೆ ಕೇಳಿದರು:

“ಬೀಗರೇ, ಯುಗಾದಿಲಿ ಎತ್ತಿದ್ರಲ್ಲಾ ಆ ಮೂರು ಜನ, ನಾಳೆ ಊರಲ್ಲೇ ಇರ್ತಾರಾ?”