ಹತ್ತಿಯಣ್ಣನ ದನಿಗೆ ಅಲೆ ಬಂದದ್ದು

"ನಿನ್ನ ದನಿಗೆ ಅಲೆ ಇಲ್ಲಯ್ಯ" ಎಂದು ಡ್ರಿಲ್ ಮೇಷ್ಟ್ರು ಹೇಳಿದ್ದು ನಿನ್ನೆ ಸಂಜೆ. ಬೆಳಗಾಗುವಷ್ಟರಲ್ಲಿ ಆ ಸುದ್ದಿ ಇಡೀ ಗಲ್ಲಿಗೆ ಹಬ್ಬಿತ್ತು.

ಹತ್ತಿಯಣ್ಣ ಹಾಲು ತರಲು ಹೊರಟರೆ ಎದುರುಮನೆಯ ಕಿಟಕಿಯಿಂದ ಯಾರೋ "ಏನಣ್ಣ, ಬಂತಾ?" ಎಂದು ಕೇಳಿದರು, ನಲ್ಲಿಯಲ್ಲಿ ನೀರು ಬಂತಾ ಎಂದು ವಿಚಾರಿಸುವ ಧಾಟಿಯಲ್ಲಿ. "ಇನ್ನೂ ಇಲ್ಲ" ಎಂದು ಅವನೂ ಹಾಗೇ ಉತ್ತರ ಕೊಟ್ಟು, ಕೊಟ್ಟ ಮೇಲೆ ನಾಚಿಕೊಂಡ.

ಅವನು ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬುವ ಕೆಲಸದವನು. ಎಷ್ಟು ಸಲ ತಲೆ ಕೊಡವಿಕೊಂಡರೂ ಹುಬ್ಬಿನಲ್ಲಿ ಒಂದೆಳೆ ಹತ್ತಿ ಉಳಿದೇ ಇರುತ್ತಿತ್ತು. ಹೆಸರು ಬಂದದ್ದು ಹಾಗೆ. ದನಿಯೂ ಅದಕ್ಕೆ ತಕ್ಕಂತೆ ಸಣ್ಣ. ಶ್ರುತಿ ತಪ್ಪುತ್ತಿರಲಿಲ್ಲ, ತಾಳವೂ ತಪ್ಪುತ್ತಿರಲಿಲ್ಲ. ಆದರೆ ಸೂಜಿಯ ಕಣ್ಣಿಗೆ ಪೋಣಿಸಲು ನೆಕ್ಕಿ ಚೂಪು ಮಾಡಿದ ದಾರದ ಹಾಗೆ, ಸಣ್ಣಗೆ, ನೆಟ್ಟಗೆ ಹೊರಡುತ್ತಿತ್ತು.

ಡ್ರಿಲ್ ಮೇಷ್ಟ್ರ ಜನಪದ ಮೇಳದಲ್ಲಿ ಉಳಿದವರದ್ದು ಹಾಗಲ್ಲ. ಮೇಳದ ಅಭ್ಯಾಸ ನಡೆಯುತ್ತಿದ್ದುದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ, ಮರದ ಹಲಗೆಯ ನೆಲದ ಮೇಲೆ. ಗಿರಣಿ ಸಾಹುಕಾರರೂ ಮೇಳದಲ್ಲಿ ಹಾಡುವವರೇ ಆದ್ದರಿಂದ ಕೋಣೆ ಪುಕ್ಕಟೆ. ಸಂಜೆ ಹೊತ್ತು ಕೆಳಗೆ ಯಂತ್ರ ಗಡಗಡ ತಿರುಗುತ್ತಿದ್ದರೆ ಮೇಲೆ ಎಲ್ಲರೂ ಗಂಟಲೆತ್ತಿ ಹಾಡುತ್ತಿದ್ದರು. ಒಂದು ಸ್ವರ ಎಳೆದರೆ ಸಾಕು, ನೀರಿನಲ್ಲಿ ಬಿದ್ದ ದೀಪದ ನೆರಳಿನಂತೆ ಅದು ತುಳುಕುತ್ತಿತ್ತು. "ಇದೇ ಅಲೆ. ಜನಪದದ ಜೀವ ಇರೋದೇ ಇಲ್ಲಿ" ಎಂದು ಮೇಷ್ಟ್ರು ಕಣ್ಣುಮುಚ್ಚುತ್ತಿದ್ದರು. ಮೂಲೆಯಲ್ಲಿ ಹತ್ತಿಯಣ್ಣನ ದನಿ ಮಾತ್ರ ಬಟ್ಟೆ ಒಣಹಾಕುವ ತಂತಿಯಂತೆ ನೇರ. ಹಾಸಿಗೆ ಹೊತ್ತು ಹೊತ್ತು ಸೊಂಟ ಹಿಡಿದುಕೊಂಡಿದ್ದರಿಂದ ಅವನು ಬರಿನೆಲದಲ್ಲಿ ಕೂರಲಾರ. ಹೆಂಡತಿ ಹೊಲಿದುಕೊಟ್ಟ ದಪ್ಪನೆಯ ಮೆತ್ತೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಅದರ ಮೇಲೆ ಕೂತು ಹಾಡುತ್ತಿದ್ದ.

ಇವತ್ತು ಸಂಜೆ ಊರಿನ ದೊಡ್ಡ ಸಭಾಭವನದಲ್ಲಿ ಮೇಳದ ಮೊದಲ ಕಾರ್ಯಕ್ರಮ. ಅದರಲ್ಲಿ ಎರಡನೆಯ ಹಾಡು ಹತ್ತಿಯಣ್ಣನ ತಾಯಿಯದು. ಆಕೆ ಹಾಸಿಗೆ ಹೊಲಿಯುತ್ತಾ ಹಾಡಿಕೊಳ್ಳುತ್ತಿದ್ದ ಹಾಡು:

ಸೂಜಿಯೇ ಮೆಲ್ಲನೆ ಬಾ, ದಾರವೇ ಮೆಲ್ಲನೆ ಬಾ,
ಊರೆಲ್ಲ ಮಲಗುವ ಹಾಸಿಗೆ ನಾ ಹೊಲಿವೆ.

ಈ ಎರಡು ಸಾಲನ್ನು ಒಬ್ಬರೇ ಎತ್ತಿಕೊಡಬೇಕು. ಅಮ್ಮನ ಹಾಡನ್ನು ತಾನೇ ಎತ್ತಿಕೊಡಬೇಕೆಂಬುದು ಹತ್ತಿಯಣ್ಣನ ಒಂದೇ ಆಸೆ. ಮೇಷ್ಟ್ರು ಒಪ್ಪಿಯೂ ಇದ್ದರು. ನಿನ್ನೆ ಒಬ್ಬೊಬ್ಬರ ಬಾಯಿಗೂ ಕಿವಿಯಿಟ್ಟು ಪರೀಕ್ಷೆ ಮಾಡಿದ ಮೇಲೆ ಮನಸ್ಸು ಬದಲಾಯಿಸಿದರು. "ನಾಳೆ ಸಂಜೆಯೊಳಗೆ ಅಲೆ ತಂದ್ರೆ ನೀನು ಹಾಡು. ಇಲ್ಲಾಂದ್ರೆ ಸಲೂನಿನವನು ಹಾಡ್ತಾನೆ."

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹತ್ತಿಯಣ್ಣ "ಆ…" ಎಂದು ಎಳೆದ. ನೇರ. ಗಂಟಲನ್ನು ಬೆರಳಿನಿಂದ ಹಿಡಿದು ಅಲ್ಲಾಡಿಸುತ್ತಾ ಎಳೆದ. ಕೆಮ್ಮು ಬಂತು. ತಣ್ಣೀರು ಸುರಿದುಕೊಂಡು ಎಳೆದಾಗ ದನಿ ಒಂದಿಷ್ಟು ನಡುಗಿತು. ಸಂತೋಷದಿಂದ ಇನ್ನೂ ನಾಲ್ಕು ಚೊಂಬು ಸುರಿದುಕೊಂಡ.

ಹೊರಬಂದಾಗ ಪಕ್ಕದ ಮನೆಯ ನರ್ಸಮ್ಮ ಥರ್ಮಾಮೀಟರ್ ಹಿಡಿದು ನಿಂತಿದ್ದರು. ನರ್ಸ್ ಕೆಲಸದಿಂದ ನಿವೃತ್ತರಾಗಿದ್ದರೂ ಗಲ್ಲಿಯ ಮಟ್ಟಿಗೆ ಅವರಿಗೆ ರಜೆ ಇರಲಿಲ್ಲ.

"ನರಳ್ತಿದ್ದಿದ್ದು ನೀನೇನಾ?"

"ನರಳ್ತಿರ್ಲಿಲ್ಲ ನರ್ಸಮ್ಮ, ಹಾಡ್ತಿದ್ದೆ."

"ಎರಡೂ ಒಂದೇ ಥರ ಕೇಳಿಸ್ತಪ್ಪ. ನೋಡು, ದನಿ ಬರೋದು ಗಂಟಲಿಂದಲ್ಲ, ಹೊಟ್ಟೆಯಿಂದ. ಹೊಟ್ಟೆ ತುಂಬಿದ್ರೆ ದನಿಗೆ ಜಾಗ ಎಲ್ಲಿ? ಇವತ್ತು ಏನೂ ತಿನ್ನಬೇಡ." ಅವನು ಹೂಂ ಎನ್ನುವ ಮೊದಲೇ ನರ್ಸಮ್ಮ ಅಗಲವಾದ ಬಟ್ಟೆಯೊಂದನ್ನು ತಂದು ಅವನ ಹೊಟ್ಟೆಗೆ ಬಿಗಿಯಾಗಿ ಸುತ್ತಿ, ಪಿನ್ನು ಚುಚ್ಚಿದರು. "ಸಂಜೆವರೆಗೆ ಬಿಚ್ಚಿದ್ರೆ ನೋಡು!"

"ಏನ್ರೀ ಇದು?" ಹೆಂಡತಿ ತಟ್ಟೆ ಹಿಡಿದುಕೊಂಡೇ ನಿಂತಳು. "ನಿಮ್ಮಮ್ಮ ಹೊಟ್ಟೆ ಕಟ್ಕೊಂಡು ಹಾಡ್ತಿದ್ರಾ?"

"ಅಮ್ಮನಿಗೆ ಮೇಷ್ಟ್ರಿರಲಿಲ್ಲ ಕಣೆ" ಎಂದ ಹತ್ತಿಯಣ್ಣ, ಅರ್ಧ ಉಸಿರಿನಲ್ಲಿ.

ಕಾರ್ಯಕ್ರಮಕ್ಕೆ ಮುಖ ಚೊಕ್ಕವಾಗಿರಲೆಂದು ಅವನು ಸಲೂನಿಗೆ ಹೋದ. ಸಲೂನಿನವ ಎದೆಗೂದಲು ಕಾಣುವಂತೆ ಗುಂಡಿ ಬಿಚ್ಚಿಕೊಂಡು, ಕನ್ನಡಿಯ ಮುಂದೆ ಸೂಜಿಯೇ ಮೆಲ್ಲನೆ ಬಾ ಎಂದು ಗುನುಗುತ್ತಿದ್ದ. ಹತ್ತಿಯಣ್ಣನನ್ನು ಕಂಡು ನಿಲ್ಲಿಸಿದ. ಪಾಪ, ನಾಚಿಕೆಯಾಗಿರಬೇಕು.

"ತಪ್ಪು ತಿಳ್ಕೋಬೇಡ ಅಣ್ಣ. ನಿನಗೆ ಅಲೆ ಬಂದ್ಬಿಟ್ರೆ ನನಗೇ ಮೊದಲು ಖುಷಿ. ಏನಿದು ಹೊಟ್ಟೆಗೆ ಬಟ್ಟೆ? ಯಾರು ಹೇಳಿದ್ದು ಹೊಟ್ಟೆ ಅಂತ? ಅಲೆ ಇರೋದು ದವಡೆಯಲ್ಲಿ. ಸಡಿಲ ಬಿಡು. ಇನ್ನೂ ಸಡಿಲ. ಹಾಂ, ಈಗ ಹಾಡು." ಹಾಗೆಂದು ಅವನು ಒಂದು ಕೈಯಲ್ಲಿ ಹತ್ತಿಯಣ್ಣನ ದವಡೆ ಹಿಡಿದು ಗಿಲಕಿಯಂತೆ ಆಡಿಸತೊಡಗಿದ. ಇನ್ನೊಂದು ಕೈಯಲ್ಲಿ ಕತ್ತಿ ಇದೆಯೆಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು, ಸ್ವಲ್ಪ ತಡವಾಗಿ.

ಗಲ್ಲದ ಮೇಲೆ ಪಟ್ಟಿ ಅಂಟಿಸಿಕೊಂಡು ಹತ್ತಿಯಣ್ಣ ಅಂಗಡಿ ತಲುಪಿದ. ಹೊಟ್ಟೆ ಬಿಗಿ, ದವಡೆ ಸಡಿಲ. ಯಾವುದನ್ನು ಯಾವಾಗ ಮಾಡಬೇಕೆಂದು ತಿಳಿಯದೆ ಅವನ ಮುಖ ವಿಳಾಸ ತಪ್ಪಿದವನ ಮುಖದಂತಾಗಿತ್ತು.

"ಎರಡೂ ಅಲ್ಲ ಕಣಯ್ಯ, ಎದೆ" ಎಂದರು ಅಂಗಡಿ ಯಜಮಾನರು, ಕತೆಯೆಲ್ಲ ಕೇಳಿ. ಅವರು ಜನ್ಮದಲ್ಲಿ ಹಾಡಿದವರಲ್ಲ. ಅದರಿಂದಲೇ ಅವರ ಅಭಿಪ್ರಾಯದಲ್ಲಿ ಅನುಮಾನವೇ ಇರಲಿಲ್ಲ. "ಎದೆ ಮೇಲೆ ಭಾರ ಇಟ್ಟು ಹಾಡಿದ್ರೆ ದನಿ ದಪ್ಪ ಆಗುತ್ತೆ. ಮಲಗು ಇಲ್ಲಿ."

ಪ್ರದರ್ಶನಕ್ಕೆ ಇಟ್ಟ ಮಂಚದ ಮೇಲೆ ಅವನನ್ನು ಮಲಗಿಸಿ, ಮೇಲೆ ಒಂದು ಹಾಸಿಗೆ ಹಾಕಿದರು. "ಹಾಡು" ಎಂದರು. ಸಾಲದೆನಿಸಿ ಇನ್ನೊಂದು ಹಾಕಿದರು. ಅಷ್ಟರಲ್ಲಿ ಒಳಗೆ ಫೋನ್ ಬಂತು, ಅವರು ಹೋದರು. ಆಗಲೇ ಹಾಸಿಗೆ ಕೊಳ್ಳಲು ಬಂದ ಭಾರೀ ಮೈಕಟ್ಟಿನ ಹೆಂಗಸೊಬ್ಬರು ಅಂಗಡಿಯಲ್ಲಿ ಯಾರನ್ನೂ ಕಾಣದೆ, ಎತ್ತರದ ಆ ಹಾಸಿಗೆಯನ್ನು ಮೆಚ್ಚಿ, ಮೆತ್ತಗಿದೆಯೋ ಇಲ್ಲವೋ ನೋಡೋಣವೆಂದು ಅದರ ಮೇಲೆ ಕೂತರು.

ಹಾಸಿಗೆ "ಸೂ…ಜಿ…ಯೇ" ಎಂದಿತು.

ಆಕೆ ಚಪ್ಪಲಿಯನ್ನೂ ಬಿಟ್ಟು ಓಡಿದ್ದನ್ನು ರಸ್ತೆಯಲ್ಲಿದ್ದವರೆಲ್ಲ ನೋಡಿದರು. ಯಜಮಾನರು ಹೊರಬಂದು, ಚಪ್ಪಲಿಯನ್ನೂ ಹತ್ತಿಯಣ್ಣನನ್ನೂ ನೋಡಿ, ಈ ಯೋಚನೆ ಹತ್ತಿಯಣ್ಣನದೇ ಎಂಬಂತೆ ಬೈದರು. "ನಡಿ, ಟೆಂಪೋದಲ್ಲಿ ಮಾಲು ಕೊಟ್ಟು ಬಾ. ಇವತ್ತು ಅಂಗಡಿಯೊಳಗೆ ಇರಲೇಬೇಡ."

ಊರಾಚೆಯ ಹಾಸ್ಟೆಲ್ಲಿಗೆ ಹಾಸಿಗೆಗಳು ಹೋಗಬೇಕಿತ್ತು. ಟೆಂಪೋದ ಹಿಂಭಾಗದಲ್ಲಿ ಹಾಸಿಗೆಗಳ ಮೇಲೆ ಕೂತು ಅವನು ಬೇಸರದಿಂದ ಹಾಡಿಕೊಂಡ. ರಸ್ತೆ ಪೂರ್ತಿ ಗುಂಡಿ. ಆದರೂ ದನಿ ನೇರ. "ಆ ದಿಂಬಿನ ಗಂಟು ಬೀಳುತ್ತೆ, ಪಕ್ಕಕ್ಕೆ ಬಂದು ಹಿಡ್ಕೋ!" ಎಂದು ಚಾಲಕ ಕೂಗಿದ. ಹತ್ತಿಯಣ್ಣ ಹಾಸಿಗೆಯಿಂದ ಇಳಿದು, ಟೆಂಪೋದ ಕಬ್ಬಿಣದ ಅಂಚಿನ ಮೇಲೆ ಕೂತು, ಬಿಟ್ಟ ಸಾಲನ್ನು ಮುಂದುವರಿಸಿದ.

"ದಾ-ಆ-ಆ-ಆ-ರವೇ…"

ಅವನು ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಹಾಡಿದರೋ ಎಂದು. ಯಾರೂ ಇರಲಿಲ್ಲ. ಅಲೆ! ಸಲೂನಿನವನದಕ್ಕಿಂತ ಒಳ್ಳೆಯ ಅಲೆ!

ಮಾಲು ಇಳಿಸಿದ ಮೇಲೆ ಅವನು ಚಾಲಕನ ಕೈಕಾಲು ಹಿಡಿದು, ಬೇಕೆಂದೇ ಕೆಟ್ಟ ರಸ್ತೆಗಳಲ್ಲಿ ಸುತ್ತಾಡಿಸಿದ. ಊರಿನಲ್ಲಿ ಅವುಗಳಿಗೇನೂ ಬರವಿರಲಿಲ್ಲ. ಕಬ್ಬಿಣದ ಮೇಲೆ ಕುಕ್ಕಿ ಕುಕ್ಕಿ, ಸೊಂಟದ ನೋವನ್ನು ಹಲ್ಲುಕಚ್ಚಿ ತಡೆದುಕೊಂಡು, ಸಂಜೆಯವರೆಗೆ ಹಾಡಿದ. ಮನೆಯ ಮುಂದೆ ಇಳಿದಾಗ ಖಾಲಿ ಹೊಟ್ಟೆ, ಬಿಗಿದ ಬಟ್ಟೆ, ಬೆಳಗಿನ ತಣ್ಣೀರು, ಇಡೀ ದಿನದ ಕುಲುಕಾಟ ಎಲ್ಲ ಸೇರಿ, ನೆಲ ನಿಂತರೂ ಅವನು ನಿಲ್ಲಲಿಲ್ಲ. ಬಡಿದ ಗಂಟೆಯಂತೆ ಮೈ ಒಳಗೊಳಗೇ ಅದುರುತ್ತಲೇ ಇತ್ತು.

"ಬ-ಅ-ಅಂತು ಕಣೇ" ಎಂದ ಹೆಂಡತಿಗೆ.

"ಏನು ಬಂತು? ಚಳಿಜ್ವರವಾ?" ಎಂದು ಅವಳು ಹಣೆ ಮುಟ್ಟಿ ನೋಡಿದಳು.

ಸಭಾಭವನದ ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಅವನ ಬಾಯಿಗೆ ಕಿವಿಯಿಟ್ಟು ಕೇಳಿದರು. ಅವರ ಹುಬ್ಬು ಮೇಲೇರಿತು. "ಭಲೇ! ಒಂದೇ ದಿನದಲ್ಲಿ ಹೇಗೆ ತಂದೆಯೋ? ಹಾಡು ನಿನ್ನದೇ. ಮೊದಲನೇ ಹಾಡಿಗೆ ಸುಮ್ಮನೆ ಬಾಯಾಡಿಸು, ದನಿ ಉಳಿಸ್ಕೋ." ಸಲೂನಿನವ ಗುಂಡಿ ಹಾಕಿಕೊಂಡ.

ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ನರ್ಸಮ್ಮ. ವೇದಿಕೆ ಕಲ್ಲಿನದು, ಗಟ್ಟಿ. ಮೇಲೆ ತೆಳ್ಳನೆಯ ಜಮಖಾನ. ಮೆತ್ತೆ ಕಂಡರೆ ಜನ ನಗುತ್ತಾರೆಂದು ಮೇಷ್ಟ್ರು ಅದನ್ನು ಹೊರಗೇ ಇಡಿಸಿದ್ದರು. ಮೇಳದವರು ಸಾಲಾಗಿ ಕೂತರು. ಮೇಷ್ಟ್ರು ಕೈಯೆತ್ತಿದರು. ಮೊದಲ ಹಾಡು ಶುರುವಾಯಿತು.

ಎಲ್ಲರ ದನಿಯೂ ನೇರವಾಗಿ ಬಂತು.

ಅಲೆಯೂ ಇಲ್ಲ, ತುಳುಕೂ ಇಲ್ಲ. ತಂತಿಗಳ ಕಟ್ಟೊಂದನ್ನು ಬಿಚ್ಚಿ ಹರಡಿದ ಹಾಗಿತ್ತು. ಸಲೂನಿನವ ದವಡೆ ಮುಟ್ಟಿ ನೋಡಿಕೊಂಡ. ಗಿರಣಿ ಸಾಹುಕಾರರು, ಸಾಲು ತಪ್ಪು ಹಿಡಿದೆನೇನೋ ಎಂದು ಅಕ್ಕಪಕ್ಕ ನೋಡಿದರು. ಅಕ್ಕಪಕ್ಕದವರು ಅವರನ್ನೇ ನೋಡುತ್ತಿದ್ದರು. ಮೇಷ್ಟ್ರು ಒಂದು ಸ್ವರವನ್ನು ಉದ್ದಕ್ಕೆ ಎಳೆದು, ಅದು ತುಳುಕಲೆಂದು ಕಾದರು. ತುಳುಕಲಿಲ್ಲ. ಹತ್ತಿಯಣ್ಣ ಬಾಯಾಡಿಸುತ್ತಾ, ಇವರೆಲ್ಲ ನನ್ನ ಹಾಗೇಕೆ ಹಾಡುತ್ತಿದ್ದಾರೆ ಎಂದು ಗಾಬರಿಗೊಂಡ.

ಹಾಡು ಮುಗಿದಾಗ ಜನ, ಆಶ್ಚರ್ಯವೆಂದರೆ, ಚಪ್ಪಾಳೆ ತಟ್ಟಿದರು. ಮೇಷ್ಟ್ರು ಜೀವಮಾನವಿಡೀ ತಪ್ಪು ಹೆಜ್ಜೆ ಹಾಕಿದ ಸಾಲನ್ನು ತಕ್ಷಣ "ಹಿಂದೆ ತಿರುಗ್!" ಎಂದು ತಿದ್ದಿದವರು. ಮೈಕಿನ ಮುಂದೆ ಹೋಗಿ ಗಂಟಲು ಸರಿಮಾಡಿಕೊಂಡರು.

"ಗಮನಿಸಿದಿರಾ? ನಮ್ಮ ಮೇಳದ ವಿಶೇಷವೇ ಇದು. ನೇರ ದನಿ! ಹಿಂದಿನವರು ಹಾಡ್ತಿದ್ದದ್ದು ಹೀಗೇ. ಈ ನಡುಗಿಸೋದು, ಕುಲುಕಿಸೋದು ಎಲ್ಲ ಈಚಿನ ಚಟ. ನಮ್ಮಲ್ಲಿ ಅದಕ್ಕೆ ಜಾಗ ಇಲ್ಲ."

ಇನ್ನೂ ಜೋರಾಗಿ ಚಪ್ಪಾಳೆ. ಮೇಷ್ಟ್ರು ಕೂರುತ್ತಾ ಹತ್ತಿಯಣ್ಣನ ಕಡೆ ಬಾಗಿ, "ನೇರ!" ಎಂದು ಉಸುರಿದರು.

ಹತ್ತಿಯಣ್ಣನಿಗೆ ದಿಕ್ಕೇ ತೋಚಲಿಲ್ಲ. ಬಾಳೆಲ್ಲ ನೇರವಾಗಿ ಹಾಡಿದವನಿಗೆ ಈಗ ನೇರವಾಗುವುದು ಹೇಗೆಂದು ಮರೆತೇಹೋಗಿತ್ತು. ಹೊಟ್ಟೆ ಬಿಗಿಯೋ ಸಡಿಲವೋ? ದವಡೆಯೋ ಎದೆಯೋ? ಕಣ್ಣುಮುಚ್ಚಿ ಅಮ್ಮನನ್ನು ನೆನೆದು ಬಾಯಿ ತೆರೆದ.

"ಸೂ-ಊ-ಊ-ಊ-ಜಿಯೇ-ಏ-ಏ-ಏ…"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಮುಂದೆ ಬಂತು. ನಗು ಕೇಳಿ ಅವನು ಹೆದರಿದ. ಹೆದರಿದಷ್ಟೂ ಅಲೆ ಹೆಚ್ಚಾಯಿತು. "ಮೆಲ್ಲನೆ ಬಾ" ಎಂಬಲ್ಲಿ ದನಿ ಗುಂಡಿಗೆ ಬಿದ್ದ ಟೆಂಪೋದಂತೆ ಎಗರಿತು. "ನಾನು ಬೆಳಿಗ್ಗೆನೇ ಅಂದ್ಕೊಂಡೆ ಜ್ವರ ಅಂತ!" ಎನ್ನುತ್ತಾ ನರ್ಸಮ್ಮ ನೀರಿನ ಬಾಟಲಿ ಹಿಡಿದು ವೇದಿಕೆ ಹತ್ತಿಬಿಟ್ಟರು. ಮೇಷ್ಟ್ರು ಸಲೂನಿನವನಿಗೆ ಕಣ್ಸನ್ನೆ ಮಾಡಿದರು. ಅವನು ಆ ಎರಡು ಸಾಲನ್ನು ಎತ್ತಿಕೊಂಡು, ಸಣ್ಣಗೆ, ನೆಟ್ಟಗೆ, ದಾರದಂತೆ ಹಾಡಿ ಮುಗಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತಿಯಣ್ಣನ ಹೆಂಡತಿ ಮಾತ್ರ ಕೂತೇ ಇದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಡೋಲು, ತಾಳಗಳನ್ನು ಇಟ್ಟುಬರಲು ಎಲ್ಲರೂ ಗಿರಣಿಯ ಮೇಲಿನ ಕೋಣೆಗೆ ಹೋದರು. ಹೆಂಡತಿ ದಾರಿಯಲ್ಲೇ ಹತ್ತಿಯಣ್ಣನ ಹೊಟ್ಟೆಯ ಬಟ್ಟೆ ಬಿಚ್ಚಿ, ಬಿಸಿ ಹಾಲು, ಬನ್ನು ಕೊಡಿಸಿದ್ದಳು. ಮೈಯ ನಡುಕ ಇಳಿದಿತ್ತು. ಅವನು ಅಭ್ಯಾಸಬಲದಿಂದ ಮೆತ್ತೆ ಹಾಕಿಕೊಂಡು ಮೂಲೆಯಲ್ಲಿ ಕೂತ. ಉಳಿದವರು ಹಲಗೆಯ ಮೇಲೆ ಕೂತು, ಅಲೆ ಎಲ್ಲಿ ಹೋಯಿತೆಂದು ಪಿಸುಗುಟ್ಟುತ್ತಿದ್ದರು.

"ಕಾರ್ಯಕ್ರಮಕ್ಕೇಂತ ಗಿರಣಿ ನಿಲ್ಲಿಸಿದ್ದೆ. ಒಂದಿಷ್ಟು ಹಿಟ್ಟು ಬಾಕಿ ಇದೆ" ಎಂದು ಸಾಹುಕಾರರು ಕೆಳಗಿಳಿದು ಯಂತ್ರ ಹಾಕಿದರು.

ಮೇಷ್ಟ್ರು ಬೇಸರದಲ್ಲೇ ಒಂದು ಸ್ವರ ಎಳೆದರು. ಅದು ತುಳುಕಿತು.

"ಬ-ಅ-ಅಂತು!" ಅವರು ಎದ್ದು ಕೂತರು. "ಹಾ-ಆ-ಡ್ರೋ ಎಲ್ಲಾ!" ಎಲ್ಲರೂ ಹಾಡಿದರು. ಎಲ್ಲರಿಗೂ ಬಂದಿತ್ತು. "ಆ ಭವನದ ಗಾಳಿಯೇ ಸರಿ ಇಲ್ಲ" ಎಂದ ಸಲೂನಿನವ, ಗುಂಡಿ ಬಿಚ್ಚಿಕೊಳ್ಳುತ್ತಾ.

ಹತ್ತಿಯಣ್ಣನೂ ಅವರೊಡನೆ ದನಿಗೂಡಿಸಿದ. ಅಮ್ಮನ ಸೂಜಿಯಷ್ಟು ನೇರವಾಗಿ ಬಂತು. ಹಾಡುತ್ತಾ ಅವನು ಜಾರಿದ ಮೆತ್ತೆಯನ್ನು ಸರಿಮಾಡಲು ಅಂಗೈಯನ್ನು ಹಲಗೆಯ ಮೇಲಿಟ್ಟ; ಇಟ್ಟವನು ಕೈ ತೆಗೆಯಲೇ ಇಲ್ಲ. ಅಂಗೈ ಟೆಂಪೋದ ಅಂಚನ್ನು ಮುಟ್ಟಿದಂತೆ ಜುಮ್ಮೆನ್ನುತ್ತಿತ್ತು. ಮಧ್ಯಾಹ್ನದಿಂದ ಗೋಜಲಾಗಿದ್ದ ತಲೆಯೊಳಗೆ ಏನೋ ಒಂದು ಎಳೆ ಸಿಕ್ಕಿದ ಹಾಗಾಯಿತು.

"ಮೇಷ್ಟ್ರೇ" ಎಂದ ಅವನು, "ಇದು ದನಿಯಲ್ಲ. ಇದು… ನೆಲ."

ಹಾಡು ನಿಂತಿತು. ಎಲ್ಲರೂ ಅವನ ಕಡೆ ತಿರುಗಿದರು. ಮೇಷ್ಟ್ರು ಕನ್ನಡಕ ತೆಗೆದು ಅವನನ್ನು ಕನಿಕರದಿಂದ ನೋಡಿದರು.

"ಹಾ-ಆ-ಡೋಕೆ ಬರದಿದ್ರೆ ನೆ-ಎ-ಎಲದ ಮೇಲೆ ಹಾಕ್ತೀಯೇನಯ್ಯ ತಪ್ಪು?"

ಗಿರಣಿ ಗಡಗುಟ್ಟಿತು; ಅದಕ್ಕಿಂತ ಜೋರಾಗಿ ಎಲ್ಲರೂ ನಕ್ಕರು, ಅಲೆ ಅಲೆಯಾಗಿ.

"ಮು-ಉ-ಉಂದಿನ ಸಲದಿಂದ ಆ ಸಾಲು ಸಲೂನಿನವನಿಗೇ" ಎಂದರು ಮೇಷ್ಟ್ರು. ಆಮೇಲೆ ಹತ್ತಿರ ಬಂದು, ಹತ್ತಿಯಣ್ಣನ ಭುಜ ತಟ್ಟಿ, ಅವನ ಮೆತ್ತೆಯ ತುದಿಯಲ್ಲೇ ಒಂದಿಷ್ಟು ಜಾಗ ಮಾಡಿಕೊಂಡು ಕೂತು, ಸ್ವಲ್ಪವೂ ನಡುಗದ ದನಿಯಲ್ಲಿ ಹೇಳಿದರು: "ಬೇಜಾರು ಮಾಡ್ಕೋಬೇಡ. ನಿನ್ನ ದನಿಗೆ ಅಲೆ ಇಲ್ಲಯ್ಯ."