ಮಣ್ಣಿಲ್ಲದ ಮಣ್ಣಿಗೆ, ಪುಂಡಿಪಲ್ಯದ ಪರವಾಗಿ

ಮಾನ್ಯ ಪ್ರೀಮಿಯಂ ಪಾಟಿಂಗ್ ಮಿಕ್ಸ್, ಮೂವತ್ತು ಲೀಟರ್, ಇವರ ಘನ ಸನ್ನಿಧಾನಕ್ಕೆ,

ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿರುವ ಮಗ ರುದ್ರೇಶನ ಮನೆಯ ಹಿತ್ತಲಿನಿಂದ ನಾಗಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕುಂಡಕ್ಕೆ ತುಂಬುವ ಮಣ್ಣಿನ ಚೀಲವಾದ ತಾವು ಗ್ಯಾರೇಜಿನ ಮೂಲೆಯಲ್ಲಿ ಅರ್ಧ ಬಾಯಿ ತೆರೆದುಕೊಂಡು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೊದಲು ನನ್ನ ಪರಿಚಯ. ಧಾರವಾಡ ಸೀಮೆಯ ಎರೆಮಣ್ಣನ್ನು ಮೊಟ್ಟಮೊದಲು ಕಂಡುಹಿಡಿದವನು ನಾನೇ. ಅದಕ್ಕೂ ಮುಂಚೆ ಅಲ್ಲಿಯ ಜನ ಕಪ್ಪಗಿರುವ ಏನೋ ಒಂದರ ಮೇಲೆ ಸುಮ್ಮನೆ ಓಡಾಡಿಕೊಂಡಿದ್ದರು. ಕೃಷಿ ಕಾಲೇಜಿನ ಪ್ರೊಫೆಸರುಗಳು ಮಣ್ಣು ಪರೀಕ್ಷೆಯ ಯಂತ್ರ ಕೆಟ್ಟಾಗಲೆಲ್ಲ ಜೀಪು ಕಳಿಸಿ ನನ್ನನ್ನು ಕರೆಸಿ, ನನ್ನ ನಾಲಗೆಯ ಮೇಲೆ ಒಂದು ಚಿಟಿಕೆ ಮಣ್ಣಿಟ್ಟು, ನಾನು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದರು. ಏಳನೆಯ ಇಯತ್ತೆಗೆ ನಾನು ಶಾಲೆ ಬಿಟ್ಟದ್ದು, ನನಗೆ ಕಲಿಸಲು ಮಾಸ್ತರರ ಹತ್ತಿರ ಇನ್ನೇನೂ ಉಳಿದಿರಲಿಲ್ಲ ಎಂಬ ಒಂದೇ ಕಾರಣಕ್ಕೆ.

ಇಂಥ ನನಗೆ ತಮ್ಮ ದರ್ಶನವೇ ಒಂದು ಪಾಠವಾಯಿತು. ಮಣ್ಣನ್ನು ಬಂಡಿಯ ಲೆಕ್ಕದಲ್ಲಿ ಕಂಡವನಿಗೆ, ಅದನ್ನು ಹಾಲಿನ ಹಾಗೆ ಲೀಟರಿನಲ್ಲಿ ಮಾರುವುದನ್ನು ನೋಡಿ ಮನೆಯಿಂದ ತಂಬಿಗೆ ತರಬೇಕಿತ್ತೇನೋ ಅನ್ನಿಸಿತು. ತಮ್ಮ ಚೀಲದ ಮೇಲಿನ ಒಕ್ಕಣೆಯನ್ನು ಮೊಮ್ಮಗಳು ಶ್ರೇಯಾ ಓದಿ ಹೇಳಿದಳು: ತಮ್ಮನ್ನು ತೆರೆಯುವಾಗ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಇರಬೇಕು, ತಮ್ಮ ಧೂಳು ಮೂಗಿಗೆ ಹೋಗಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಇಷ್ಟು ಮಡಿ ನಮ್ಮೂರ ಮಠದ ಸ್ವಾಮಿಗಳಿಗೂ ಇರಲಿಲ್ಲ. ಒಳಗೆ ನೋಡಿದರೆ ಮರದ ತೊಗಟೆಯ ಚೂರು, ಚುರುಮುರಿಯಂಥ ಬಿಳಿ ಹರಳು, ಮಣ್ಣೊಂದನ್ನು ಬಿಟ್ಟು ಎಲ್ಲವೂ. ಮಣ್ಣೇ ಇಲ್ಲದೆ ಮಣ್ಣೆಂದು ಮೆರೆಯುವ ತಮ್ಮ ಧೈರ್ಯ ಕಂಡು, ಈ ಪರದೇಶದಲ್ಲಿ ನನ್ನ ಕುಲದವರೊಬ್ಬರು ಸಿಕ್ಕರಲ್ಲ ಎಂದು ಸಂತೋಷಪಟ್ಟೆ.

ಇನ್ನು ದೂರು. ನನ್ನ ಹೆಂಡತಿ ಶಾಂತವ್ವ ಈ ದೇಶಕ್ಕೆ ಬಂದಾಗಿನಿಂದ ಪುಂಡಿಪಲ್ಯದ ಮುಖ ಕಂಡಿಲ್ಲ. ಆ ಹುಳಿ ಸೊಪ್ಪನ್ನು ನುಚ್ಚು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯೊಂದಿಗೆ ಕುದಿಸಿ ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿಂದರೇ ಅವಳಿಗೆ ಊಟ. ಉಳಿದದ್ದೆಲ್ಲ ಹೊಟ್ಟೆಗೆ ಹೇಳುವ ಸಮಾಧಾನ. ಅಂಗಡಿಯ ಪಾಲಕ್ ಬಾಯಿಗಿಟ್ಟಾಗಲೆಲ್ಲ "ನೀರು ಅಗಿದಂಗ ಆಗ್ತೈತ್ರೀ" ಅನ್ನುತ್ತಾಳೆ. ಹೀಗಿರಲು ಅಕ್ಟೋಬರ್ ಕೊನೆಯ ಲೇಬರ್ ವೀಕೆಂಡಿನಲ್ಲಿ, ಇಲ್ಲಿಯ ಬೇಸಿಗೆಗೆ ಮುಂಚೆ ಈ ದೇಶದವರೆಲ್ಲ ಟೊಮೆಟೊ ಸಸಿ ನೆಡುವ ಶುಭಮುಹೂರ್ತದಲ್ಲಿ, ಮನುಕಾವ್ ಕಡೆಯ ಸಂತೆಗೆ ಬಂದಿದ್ದ ಫಿಜಿಯ ಅಜ್ಜಿಯೊಬ್ಬರ ಬಳಿ ಆರು ಪುಂಡಿ ಸಸಿಗಳು ಸಿಕ್ಕವು. ಶಾಂತವ್ವ ಅವನ್ನು ಕಾರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಳು. ನಾನು ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಅದೇ ಸಂಜೆ ನಮ್ಮ ಕಡೆಯವರೆಲ್ಲ ಸೇರಿದ್ದಲ್ಲಿ ಲಿಂಗರಾಜನೆಂಬ ಎಂಜಿನಿಯರು "ಈ ಥಂಡ್ಯಾಗ ಪುಂಡಿ ಎಲ್ಲಿ ಬರ್ತೈತಿ ಬಿಡ್ರಿ ಕಾಕಾ" ಅಂದುಬಿಟ್ಟ. ಜನವರಿಯ ಸಂಕ್ರಮಣದ ಊಟಕ್ಕೆ ನಲವತ್ತು ಮಂದಿಗೂ ಪುಂಡಿಪಲ್ಯ ನನ್ನದೇ ಎಂದು ನಾನು ಎದ್ದುನಿಂತು ಸಾರಿಬಿಟ್ಟೆ.

ಸಸಿಗಳನ್ನು ದೊಡ್ಡ ಕುಂಡಗಳಿಗೆ ಬದಲಿಸುವಾಗ ತಮ್ಮ ನಿಜಗುಣ ತಿಳಿಯಿತು. ಮೇಲೆ ಹೊಯ್ದ ನೀರು ತಮ್ಮೊಳಗೆ ಒಂದು ಗಳಿಗೆಯೂ ತಂಗದೆ ಕೆಳಗಿಳಿದು ಹೋಗುತ್ತಿತ್ತು. ಎರೆಮಣ್ಣಿನ ಗಟ್ಟಿತನ ಬರಲೆಂದು, ರಸ್ತೆಯಾಚೆ ಹೊಸ ಮನೆಗೆ ಪಾಯ ಅಗೆದು ಹಾಕಿದ್ದ ಜೇಡಿಮಣ್ಣನ್ನು ಕೇಳಿ ತಂದು ತಮ್ಮೊಂದಿಗೆ ಕಲಸಿದೆ. ತಮಗೆ ಬೇಸರವಾಗಬಾರದೆಂದು ಬೀಜ ಮೊಳೆಸುವ ಮಿಶ್ರಣ, ತರಕಾರಿ ಮಿಶ್ರಣ, ತೆಂಗಿನ ನಾರಿನ ಇಟ್ಟಿಗೆ ಎಂಬ ತಮ್ಮ ದಾಯಾದಿಗಳನ್ನೂ ಸೇರಿಸಿದೆ. ಕೊನೆಗೆ ಕುರಿಗೊಬ್ಬರ. ನಮ್ಮ ಕಡೆ ಬೇಸಿಗೆಯಲ್ಲಿ ಕುರುಬರಿಗೆ ಕಾಳು ಕೊಟ್ಟು ಹೊಲದಲ್ಲಿ ಕುರಿಮಂದೆ ತಂಗಿಸುತ್ತೇವೆ. ಮಂದೆ ಮಲಗೆದ್ದ ಹೊಲದ ಬೆಳೆಯೇ ಬೇರೆ. ಹಿತ್ತಲಿಗೆ ಮಂದೆ ಕರೆಸಲು ರುದ್ರೇಶ ಒಪ್ಪಲಿಲ್ಲವಾದರೂ, ಇಲ್ಲಿ ಕುರಿಯ ಹಿಕ್ಕೆಯನ್ನೇ ಒತ್ತಿ ಗುಳಿಗೆ ಮಾಡಿ ಚೀಲದಲ್ಲಿ ಮಾರುತ್ತಾರೆಂಬುದು ತಿಳಿದು ನೆಮ್ಮದಿಯಾಯಿತು. ಎಕರೆಗೆ ಎಷ್ಟು ಕುರಿ ಎಂಬುದು ನನಗೆ ಬಾಯಿಪಾಠ, ಕುಂಡಕ್ಕೆ ಎಷ್ಟು ಎಂಬುದನ್ನು ಯಾವ ಕುರುಬನೂ ಹೇಳಿಕೊಟ್ಟಿರಲಿಲ್ಲ. ಎರಡು ಚೀಲ ಪೂರ್ತಿ ಸುರಿದೆ. ಒಂದು ವಾರದೊಳಗೆ ನಾಲ್ಕು ಸಸಿಗಳು ಎಲೆಯಂಚಿನಿಂದ ಸುಡುತ್ತಾ ಬಂದು ಮಲಗಿಬಿಟ್ಟವು. ತಪ್ಪು ತಮ್ಮದೇ ಎಂದು ಬೇರೆ ಹೇಳಬೇಕಿಲ್ಲ. ಚೀಲದ ಮೇಲೆ ಅಷ್ಟೆಲ್ಲ ಬರೆಸಿಕೊಂಡವರು "ನಾಗಪ್ಪನವರೇ, ಸಾಕು" ಎಂದು ಇನ್ನೊಂದು ಸಾಲು ಬರೆಸಿಕೊಳ್ಳಬಹುದಿತ್ತು.

ಉಳಿದೆರಡನ್ನು ಬದುಕಿಸಿದವನು ಪಕ್ಕದ ಮನೆಯ ಟ್ರೆವರ್. ಬೇಲಿಯ ಮೇಲಿಂದ ಬೆರಳು ಬಿಡಿಸಿದಂಥ ಆ ಎಲೆಗಳನ್ನು ಕಂಡವನೇ, ಅತ್ತಿತ್ತ ನೋಡಿ, ದನಿ ತಗ್ಗಿಸಿ "ಗುಡ್ ಆನ್ ಯಾ, ಅಂಕಲ್" ಎಂದು ಶಹಬ್ಬಾಸ್ ಕೊಟ್ಟ. ಬೇರು ನೋಯದಂತೆ ಜೇಡಿಯನ್ನೆಲ್ಲ ಉದುರಿಸಿ, ಎರಡು ಪಾಲು ತಾವು, ಒಂದು ಪಾಲು ನಾರು, ಒಂದು ಪಾಲು ಬಿಳಿ ಹರಳು ಬೆರೆಸಿ, ಇನ್ನೊಂದು ತಿಂಗಳು ಗೊಬ್ಬರದ ಹೆಸರೆತ್ತಬೇಡ ಎಂದು ಮಂತ್ರೋಪದೇಶ ಮಾಡುವವನಂತೆ ಕಿವಿಯಲ್ಲಿ ಹೇಳಿದ. ಕುಂಡಗಳನ್ನು ಶೆಡ್ಡಿನ ಹಿಂದಕ್ಕೆ ಸರಿಸಿ, ಪೊಲೀಸರ ಹೆಲಿಕಾಪ್ಟರಿಗೆ ಕಾಣಬಾರದು ಎಂದೂ ಹೇಳಿದ. ಪೊಲೀಸರಿಗೂ ಪುಂಡಿಪಲ್ಯದ ಮೇಲೆ ಇಷ್ಟು ಆಸೆಯೇ ಎಂದು ನನಗೆ ಅವರ ಮೇಲೆ ಗೌರವ ಹೆಚ್ಚಿತು. ಒಂದು ಸಂಜೆ ಶಾಂತವ್ವ ಅವನಿಗೊಂದು ಚಿಗುರೆಲೆ ಕೊಟ್ಟು "ತಿನ್ನಪ್ಪಾ" ಅಂದಳು. ಅವನು ಅದನ್ನು ಭಕ್ತಿಯಿಂದ ಅಗಿದು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಬಹಳ ಹೊತ್ತು ಏನನ್ನೋ ಕಾಯುತ್ತಾ ಕುಳಿತ. ಕೆಲಸದಿಂದ ಬಂದ ರುದ್ರೇಶ ಇದನ್ನು ನೋಡಿ, ಅವನನ್ನು ವಿಚಾರಿಸಿ, ಬೆವತುಹೋಗಿ "ಅಪ್ಪಾ, ಅಂವ ಇದನ್ನ ಗಾಂಜಾ ಅಂತ ತಿಳ್ಕೊಂಡಾನ!" ಎಂದು ಕೂಗಿದ. ಟ್ರೆವರ್ ಎರಡು ದಿನ ಸೂತಕದಲ್ಲಿದ್ದವನಂತೆ ಹೊರಗೆ ಕಾಣಿಸಲಿಲ್ಲ. ಪುಂಡಿಯನ್ನು ಗಾಂಜಾಕ್ಕೆ ಹೋಲಿಸಿದ್ದಕ್ಕೆ ಶಾಂತವ್ವನೂ ಅಷ್ಟೇ ದಿನ ಸಿಟ್ಟಿನಲ್ಲಿದ್ದಳು.

ಸಂಕ್ರಮಣದ ಬೆಳಿಗ್ಗೆ ಎರಡೂ ಗಿಡಗಳ ಎಲೆಯನ್ನು ಕೊನೆಯ ಚಿಗುರಿನವರೆಗೆ ಬಿಡಿಸಿ ಬೇಯಿಸಿದರೆ ಆದದ್ದು ಒಂದು ಬಟ್ಟಲು. ನಲವತ್ತು ಬಾಯಿ, ಒಂದು ಬಟ್ಟಲು, ಎದುರಿಗೆ ಲಿಂಗರಾಜ. ನಾನು ಜ್ವರ ಬಂದವನಂತೆ ಹೊದ್ದು ಮಲಗಲು ಹೊರಟಾಗ ಶಾಂತವ್ವ "ನೀವು ಭಾಷಣಾ ತಯಾರ ಮಾಡ್ಕೋರಿ, ಪಲ್ಲೆ ನನಗ ಬಿಡ್ರಿ" ಎಂದು ಟ್ರೆವರನ ಹಿತ್ತಲಿಗೆ ಹೋದಳು. ಅವನು ಬೆಳೆದ ರೂಬಾರ್ಬ್ ಎಂಬ ಹುಳಿ ದಂಟನ್ನು, ಎಲೆ ವಿಷವೆಂದು ಅವನು ಕತ್ತರಿಸಿ ಎಸೆದ ಮೇಲೆ, ಸೆರಗು ತುಂಬ ತಂದು ಪಾಲಕ್ ಜೊತೆ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಊಟಕ್ಕೆ ಎಲ್ಲರೂ ಸೇರಿದ್ದ ಪಾರ್ಕಿನಲ್ಲಿ ಲಿಂಗರಾಜ ಮೂರು ಸಲ ಹಾಕಿಸಿಕೊಂಡು "ಖರೇ ಊರಿನ ಪುಂಡಿ ಐತ್ರಿ ಕಾಕಾ, ಯಾವ ಮಣ್ಣು ಹಾಕಿದ್ರಿ?" ಅಂದ. ನಾನು ತಮ್ಮನ್ನು ಹೊಗಳಿ ಮಾತಾಡಿದೆ, ಮಾತಾಡಿದೆ, ಶ್ರೇಯಾ "ಅಜ್ಜಾ, ಸ್ಟಾಪ್" ಎನ್ನುವವರೆಗೂ ಮಾತಾಡಿದೆ.

ಆ ನಿಜವಾದ ಬಟ್ಟಲು ಏನಾಯಿತೆಂದು ತಾವು ಕೇಳಬಹುದು. ನಾವು ಹೊರಡುವ ಮುಂಚೆಯೇ ಶಾಂತವ್ವ ಒಲೆಯ ಮುಂದೆ ನಿಂತುಕೊಂಡು, ಬಿಸಿ ರೊಟ್ಟಿಯೊಂದಿಗೆ, ಒಬ್ಬಳೇ, ಯಾರಿಗೂ ಬೇಕೇ ಎಂದು ಕೇಳದೆ ಪೂರ್ತಿ ಉಂಡಿದ್ದಳು. ಆ ಮುಖವನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿ, ಒಳಗೆ ಹೋಗದೆ ತಿರುಗಿ ಬಂದೆ.

ಆದ್ದರಿಂದ ತಮ್ಮಲ್ಲಿ ಸಣ್ಣ ಬಿನ್ನಹಗಳು: ಮುಂದಿನ ಬೇಸಿಗೆಗೆ ತಾವು ನೀರಿಲ್ಲದಾಗ ಮೊಳಕೈ ಹೋಗುವಷ್ಟು ಬಿರುಕು ಬಿಡಬೇಕು, ಮಳೆ ಬಂದರೆ ಚಪ್ಪಲಿಗೆ ಅಂಟಿ ಬಿಡದೆ ಮನೆಯೊಳಗೆ ಬಂದು ಸೊಸೆಯ ಕೈಯಲ್ಲಿ ನನಗೆ ಬೈಸಬೇಕು, ಸಾಧ್ಯವಾದರೆ ಒಂದು ಹಿಡಿಯಷ್ಟಾದರೂ ಮಣ್ಣಾಗಬೇಕು.

ಕೈಗೆ ಗ್ಲೌಸ್ ತೊಟ್ಟುಕೊಂಡೇ ಸಹಿ ಮಾಡುವ,
ತಮ್ಮ ವಿಶ್ವಾಸಿ,
ನಾಗಪ್ಪ
ಎರೆಮಣ್ಣಿನ ಸಂಶೋಧಕರು, ಫ್ಲ್ಯಾಟ್ ಬುಷ್

ವಿ.ಸೂ.: ಈ ಕೆಳಗಿನದನ್ನು ತಾವು ಹೊರಗೆ ಬಿಡಬಾರದೆಂದೇ ಇವತ್ತು ತಮ್ಮ ಬಾಯನ್ನು ಸುತಳಿಯಿಂದ ಬಿಗಿದಿದ್ದೇನೆ. ತಮಗೂ, ತಮ್ಮ ದಾಯಾದಿಗಳಿಗೂ, ಕುಂಡಗಳಿಗೂ, ಆ ಕುರಿಗಳಿಗೂ ಸೇರಿ ಆದ ಖರ್ಚು ಲಿಂಗರಾಜನಿಗೆ ಹೇಳಿದಂತೆ ಪುಕ್ಕಟೆ, ರುದ್ರೇಶನಿಗೆ ಹೇಳಿದಂತೆ ನಲವತ್ತು ಡಾಲರ್. ಶಾಂತವ್ವನಿಗೂ ನಲವತ್ತೇ ಅಂದೆ. ಅವಳು ಬಟ್ಟಲು ತೊಳೆಯುತ್ತಾ "ನಲವತ್ತಕ್ಕ ಅಷ್ಟು ರುಚಿ ಬರೂದಿಲ್ರಿ, ಖರೇ ಹೇಳ್ರಿ" ಅಂದಳು. ಖರೇ ಹೇಳಿದೆ: ಮುನ್ನೂರ ಎಂಬತ್ತಾರು ಡಾಲರ್.