ಗೋಡೆಯಲ್ಲಿ ಜಾಗವಿಲ್ಲ

ಭೂಮಿಯ ಭಾರ ಇಳಿಸಿದವರಲ್ಲಿ ನಾನೂ ಒಬ್ಬ ಅಂದರೆ ನನ್ನ ಹೆಂಡತಿ ಈಗಲೂ ಸೌಟು ಕುಕ್ಕುತ್ತಾಳೆ. ಆದರೆ ನಿಜ. ನಾನು ಗೋಡೆ ಬರಹದ ಪೇಂಟರ್. ಆರೋಗ್ಯ ಇಲಾಖೆಯವರು ಹೇಳಿದರೆಂದು ಇಪ್ಪತ್ತೈದು ವರ್ಷ ಕಂಡಕಂಡ ಗೋಡೆಗೆಲ್ಲ ‘ಒಂದೇ ಮಗು ಸಾಕು’ ಎಂದು ಬರೆದವನು. ನಮ್ಮ ಬೀದಿ ತಿರುವಿನ ಆಸ್ಪತ್ರೆ ಗೋಡೆಯ ಚಿತ್ರವಂತೂ ನನ್ನ ಮಹಾಕೃತಿ: ಅಪ್ಪ, ಅಮ್ಮ, ನಡುವೆ ಒಂದು ಹೆಣ್ಣುಮಗು. ಮಾದರಿಗೆ ಬೇರೆಯವರನ್ನು ಎಲ್ಲಿ ಹುಡುಕಲಿ? ನಮ್ಮನ್ನೇ ಬರೆದೆ. (ನನ್ನ ಮೀಸೆಯನ್ನು ಮಾತ್ರ ಸ್ವಲ್ಪ ದಪ್ಪ ಮಾಡಿಕೊಂಡೆ. ಬ್ರಷ್ ನನ್ನ ಕೈಯಲ್ಲೇ ಇತ್ತಲ್ಲ!)

ಬಣ್ಣ ಇನ್ನೂ ಒಣಗಿರಲಿಲ್ಲ, ಇವಳು ಶುರು ಮಾಡಿದಳು.

“ರೀ, ಮಗೂಗೆ ಒಂದು ಜೊತೆ ಬೇಡ್ವೇನ್ರೀ?”

“ಊರಿಗೆಲ್ಲ ಬುದ್ಧಿ ಹೇಳಿ ಮನೇಲಿ ತೊಟ್ಟಿಲು ಕಟ್ಟಲಾ? ಅಷ್ಟಕ್ಕೂ ಭೂಮಿ ಮೇಲೆ ಜಾಗ ಎಲ್ಲಿದೆ ಹೇಳು?”

“ಕೋಟಿಗಟ್ಟಲೆ ಜನಕ್ಕೆ ಇರೋ ಜಾಗ ನನ್ನ ಒಂದು ಕೂಸಿಗೆ ಇಲ್ವಾ?”

“ಎಲ್ಲರೂ ಹೀಗೇ ಅಂದ್ಕೊಂಡ್ರೆ ಏನು ಗತಿ?”

ನಾನು ಗೆದ್ದೆ. ಮದುವೆಯಾದ ಮೇಲೆ ನಾನು ಗೆದ್ದ ವಾದ ಅದೊಂದೇ. ಅದನ್ನೇ ಯಾಕೆ ಗೆದ್ದೆನೋ, ಹಾಳಾದ್ದು! ಮಗಳು ಹಾವು-ಏಣಿ ಆಟದಲ್ಲಿ ಎರಡೂ ಕಾಯಿ ತಾನೇ ನಡೆಸುತ್ತ ಬೆಳೆದಳು. ಹೋದ ವರ್ಷ ಗಂಡನ ಮನೆಗೆ ಹೊರಡುವಾಗ, “ಜಗಳ ಆಡೋಕಾದ್ರೂ ಒಬ್ಬಳು ತಂಗಿ ಇರಬೇಕಿತ್ತಪ್ಪಾ” ಅಂದಳು. ಇವಳು ನನ್ನ ಮುಖ ನೋಡಿದಳು. ನಾನು ಸೂಟ್‌ಕೇಸ್ ಹೊತ್ತುಕೊಂಡು ಹೊರಗೆ ಓಡಿದೆ.

ಮೊನ್ನೆ ಇಲಾಖೆಯ ಸಾಹೇಬರು ಕರೆಸಿದರು. “ಹೆರಿಗೆ ವಾರ್ಡು ಬಿಕೋ ಅಂತಿದೆ, ಶಾಲೆ ಬೆಂಚೆಲ್ಲ ಖಾಲಿ. ನೀತಿ ಬದಲಾಯ್ತು ಕಣ್ರೀ. ಆಸ್ಪತ್ರೆ ಗೋಡೆ ಚಿತ್ರಕ್ಕೆ ಇನ್ನೊಂದು ಮಗು ಸೇರಿಸಿ, ಕೆಳಗೆ ‘ಇನ್ನೊಂದು ಇರಲಿ’ ಅಂತ ಬರೆದುಬಿಡಿ. ಬುಧವಾರದೊಳಗೆ ಆಗಬೇಕು.”

“ಸಾರ್, ಇಪ್ಪತ್ತೈದು ವರ್ಷ ನಾನು...”

“ಬಣ್ಣ ಸಾಲದಿದ್ರೆ ಹೇಳಿ.”

ಮನೆಗೆ ಬಂದು ಹೆದರುತ್ತಲೇ ಹೇಳಿದೆ. ಸೌಟು, ತಟ್ಟೆ, ಏನಾದರೂ ಹಾರಿಬರುತ್ತದೆ ಅಂದುಕೊಂಡೆ. ಏನೂ ಹಾರಲಿಲ್ಲ. ಮರುದಿನ ಬೆಳಿಗ್ಗೆ ಏಣಿ ಹಿಡಿಯುವುದಕ್ಕೆ ತಾನೇ ಬಂದಳು.

“ಹೇಗೆ ಬರೀಲೇ?” ಅಂತ ಮೇಲಿನಿಂದ ಸುಮ್ಮನೆ ಕೇಳಿದೆ.

“ಹೆಣ್ಣು. ಗುಂಗುರು ಕೂದಲು. ಮುಂದಿನ ಹಲ್ಲು ಒಂದು ಬಿದ್ದಿರಲಿ. ಮೊಣಕಾಲಲ್ಲಿ ತರಚು ಗಾಯ. ಹಸಿರು ಫ್ರಾಕು ಹಾಕಿ, ಅಕ್ಕನ ಹಳೇದು, ಅದಕ್ಕೇ ಸ್ವಲ್ಪ ದೊಗಲೆ.”

ಒಂದು ಕಡೆಯೂ ತಡವರಿಸಲಿಲ್ಲ. “ಇದನ್ನೆಲ್ಲ ಯಾವಾಗ ಯೋಚನೆ ಮಾಡಿದೆ?” ಅಂದೆ.

“ಹಾಲು ತರೋಕೆ ದಿನಾ ಈ ಗೋಡೆ ಮುಂದೇನೇ ಅಲ್ವೇನ್ರೀ ಹೋಗೋದು.”

ಆಗಲಾದರೂ ತಪ್ಪು ಮಾಡಿದೆ ಕಣೇ ಅನ್ನಬೇಕಿತ್ತು. ಈ ಹಾಳು ಬಾಯಿಗೆ ಬಂದದ್ದು ಅದೇ ಹಳೇ ರಾಗ: “ಆದ್ರೆ ಜಾಗ ಎಲ್ಲಿದೆ?” ನಿಜಕ್ಕೂ ಇರಲಿಲ್ಲ. ಆ ಕಡೆ ಕಿಟಕಿ, ಈ ಕಡೆ ನೀರಿನ ಪೈಪು. ಇನ್ನೊಬ್ಬರು ಬರಬಹುದು ಅನ್ನುವ ಯೋಚನೆಯೇ ಇಲ್ಲದೆ ಮೂವರಿಗೇ ಗೋಡೆ ಮುಗಿಸಿಬಿಟ್ಟಿದ್ದೆ.

ಇವಳು ರಸ್ತೆಯ ಆ ಬದಿಗೆ ಹೋಗಿ ನಿಂತು ನೋಡಿದಳು.

“ಇದೆಯಲ್ರೀ. ನೀವು ನಿಂತಿದ್ದೀರಲ್ಲ, ಅಲ್ಲಿ.”

ನನ್ನ ಮೇಲೆ ನಾನೇ ಬಿಳಿ ಬಣ್ಣ ಬಳಿದೆ. ಮೀಸೆ ಮೂರು ಕೋಟ್ ಹೊಡೆದರೂ ಇಣುಕುತ್ತಿತ್ತು. ಬುಧವಾರ ಸಾಹೇಬರು ಬಂದು, “ಭೇಷ್! ಆ ಚಿಕ್ಕದಕ್ಕೆ ಜೀವ ಬಂದಿದೆ ಕಣ್ರೀ. ಅಂದಹಾಗೆ, ಅಪ್ಪ ಎಲ್ಲಿ?” ಅಂದರು. ನಾನು ಬಣ್ಣದ ಡಬ್ಬಿ ಮುಚ್ಚತೊಡಗಿದೆ.

ಈಗ ಇವಳು ದಿನಾ ಸಂಜೆಯೂ ಹಾಲಿಗೆ ಹೊರಡುತ್ತಾಳೆ. ಮನೆಯಲ್ಲಿ ಬೆಳಗಿನ ಎರಡು ಪ್ಯಾಕೆಟ್ ಹಾಗೇ ಇರುತ್ತವೆ. ನಿನ್ನೆ ಧೈರ್ಯ ಮಾಡಿ, “ನಾನೂ ಬರಲೇನೇ?” ಅಂತ ಕೇಳಿದೆ.

“ನೀವ್ಯಾಕ್ರೀ?” ಅಂದಳು, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಅಲ್ಲಿ ನಿಮ್ಮದೇನಿದೆ?”